ಚೆನ್ನಾಗಿರುವಾಗಲೇ ಕೂತು ಮಾತಾಡಿಕೊಳ್ಳಿ

ಆತ್ಮೀಯ ಸೋದರಿ,

ಹೆಸರು, ಊರು ಹಾಕಬೇಡಿ ಎಂದು ಕೇಳಿದ್ದೀರಿ. ಹಾಕುವುದಿಲ್ಲ. ಆದರೆ ನಿಮ್ಮಂಥ ಪರಿಸ್ಥಿತಿ ಇನ್ನೂ ಎಷ್ಟೋ ಮನೆಗಳಲ್ಲಿದೆ. ಅವರಿಗೂ ಈ ಉತ್ತರ ಉಪಯೋಗಕ್ಕೆ ಬರಲಿ ಅಂತ ನಿಮ್ಮ ಪತ್ರದಲ್ಲಿ ಇದ್ದದ್ದನ್ನು ಮೊದಲು ಚುಟುಕಾಗಿ ಹೇಳುತ್ತೇನೆ.

ಮಲೆನಾಡಿನ ಅಡಿಕೆ ಬೆಳೆಗಾರರ ಮನೆ. ಮೂರು ವರ್ಷದ ಹಿಂದಿನ ಕೊಯ್ಲಿನ ಸಮಯ. ಹಗಲು ಅಡಿಕೆ ಗೊನೆ ಇಳಿಸುವುದು, ರಾತ್ರಿ ಸುಲಿಯುವುದು, ಬೇಯಿಸುವುದು. ಆ ದಿನಗಳಲ್ಲಿ ನಿಮ್ಮ ಯಜಮಾನರು ಎರಡು ಗಂಟೆ ಮಲಗಿದರೆ ಹೆಚ್ಚು. ಆದರೂ ಸುಸ್ತೇ ಇಲ್ಲ. ಬೆಳಗಿನ ಜಾವ ಮೂರಕ್ಕೆ ನೆಂಟರಿಗೆಲ್ಲ ಫೋನು. ತೋಟದ ಮೂಲೆಯಲ್ಲಿ ಹೋಮ್‌ಸ್ಟೇ ಕಟ್ಟುತ್ತೇನೆ ಅಂತ ಹೊರಟರು. ನಿಮ್ಮ ಬಳೆ ಅಡವಿಟ್ಟರು. ನೀವು ತವರಿಗೆ ಹೋಗಿದ್ದ ದಿನ ಜೆಸಿಬಿ ಕರೆಸಿ, ಫಸಲು ಕೊಡುತ್ತಿದ್ದ ನಲವತ್ತು ಮರ ಕೆಡವಿಸಿದರು. ತಡೆಯಲು ಬಂದ ತಮ್ಮನ ಮೇಲೆ ಕೈ ಮಾಡಿದರು. ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು ಬೈಪೋಲಾರ್ ಎಂದರು. ಅಂದರೆ ಮನಸ್ಸು ಒಮ್ಮೆ ಉನ್ಮಾದಕ್ಕೆ ಏರಿ, ಇನ್ನೊಮ್ಮೆ ಖಿನ್ನತೆಗೆ ಇಳಿಯುವ ಕಾಯಿಲೆ. ಮನೆಗೆ ಬಂದ ಮೇಲೆ ನಾಲ್ಕು ತಿಂಗಳು ಸ್ನಾನ ಬೇಡ, ಊಟ ಬೇಡ, ಗೋಡೆ ಕಡೆ ಮುಖ ಮಾಡಿ ಮಲಗಿದ್ದರು.

ಲಿಥಿಯಂ ಮಾತ್ರೆ ತೆಗೆದುಕೊಂಡು ಈಗ ಎರಡು ವರ್ಷದಿಂದ ಚೆನ್ನಾಗಿದ್ದಾರೆ. "ಚೆನ್ನಾಗಿದ್ದೀನಲ್ಲ, ಇನ್ನೂ ಯಾಕೆ ಮಾತ್ರೆ?" ಎಂದು ಈಗ ಅವರು ಕೇಳುತ್ತಿದ್ದಾರೆ. ಮೈದುನ ಕಿಡ್ನಿ ಹೋಗುತ್ತದೆ ಎನ್ನುತ್ತಾರೆ. ಅತ್ತೆ ಇದು ಗ್ರಹಚಾರ ಎನ್ನುತ್ತಾರೆ. ನಿಮ್ಮದು ಬೇರೆಯೇ ಸಂಕಟ: "ಇವರು ಜೋರಾಗಿ ನಕ್ಕರೆ ನನಗೆ ಎದೆ ಝಲ್ ಅನ್ನುತ್ತದೆ. ನನ್ನ ಮುಖ ನೋಡಿ ಇವರು, ನಗೋಕೂ ನಿನ್ನ ಪರ್ಮಿಷನ್ ಬೇಕಾ ಅಂತಾರೆ." ಪಿಯುಸಿ ಓದುವ ಮಗಳಿಗೂ ಇದು ಬರುತ್ತದಾ ಎಂದು ಕೊನೆಯಲ್ಲಿ ಕೇಳಿದ್ದೀರಿ.

ನಾನು ಡಾಕ್ಟರಲ್ಲ. ಎಷ್ಟು ಮಾತ್ರೆ, ಯಾವ ಮಾತ್ರೆ ಎನ್ನುವುದು ನಿಮ್ಮ ಮನೋವೈದ್ಯರು ಹೇಳಬೇಕಾದ ಮಾತು. ಆದರೆ ಮನೆಯೊಳಗೆ ನೀವಿಬ್ಬರೂ ಮಾಡಿಕೊಳ್ಳಬೇಕಾದ ಕೆಲಸ ಬೇಕಾದಷ್ಟಿದೆ. ಅದನ್ನು ಮಾಡಲು ಈಗಿನಷ್ಟು ಒಳ್ಳೆಯ ಸಮಯ ಇನ್ನೊಂದಿಲ್ಲ.

ಮೊದಲು ಮಾತ್ರೆ. ನಿಮ್ಮ ಯಜಮಾನರ ಪ್ರಶ್ನೆ ತಪ್ಪಲ್ಲ. ಎರಡು ವರ್ಷ ಏನೂ ಆಗದಿದ್ದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ಈ ಕಾಯಿಲೆ ಒಮ್ಮೆ ಬಂದು ಹೋಗುವಂಥದ್ದಲ್ಲ. ಮರಳಿ ಬರುವುದೇ ಅದರ ಸ್ವಭಾವ. ಲಿಥಿಯಂ ಮುಖ್ಯವಾಗಿ ಮಾಡುವುದು ಆ ಮರಳುವಿಕೆಯನ್ನು ತಡೆಯುವ ಕೆಲಸ. ಒಮ್ಮೆಲೇ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಏರುಪೇರಾಗುವ ಅಪಾಯ ಬಹಳ. ಬಿಡಲೇಬೇಕಾದ ಕಾರಣ ಬಂದರೆ ಡಾಕ್ಟರೇ ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ.

ಇದು ಹೊಸ ಮದ್ದೂ ಅಲ್ಲ. ಲಿಥಿಯಂ ನೆಲದಲ್ಲಿ ಸಿಗುವ ವಸ್ತು, ಅದರ ಲವಣವೇ ಮಾತ್ರೆ. ಉನ್ಮಾದದ ರೋಗಿಗಳಿಗೆ ಅದನ್ನು ಕೊಟ್ಟು 1949ರಲ್ಲಿ ಫಲಿತಾಂಶ ಪ್ರಕಟಿಸಿದವರು ಆಸ್ಟ್ರೇಲಿಯಾದ ಡಾಕ್ಟರ್ ಜಾನ್ ಕೇಡ್. ಆಮೇಲೆ ಡೆನ್ಮಾರ್ಕಿನ ಮೊಗೆನ್ಸ್ ಶೌ ಅದನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿ, ಮುಂದೆ ಬರುವುದನ್ನೂ ಇದು ತಡೆಯುತ್ತದೆ ಎಂದು ತೋರಿಸಿಕೊಟ್ಟರು. ಶೌ ಅವರ ಸ್ವಂತ ಸಹೋದರನಿಗೆ ಪದೇ ಪದೇ ಖಿನ್ನತೆ ಬರುತ್ತಿತ್ತು, ಲಿಥಿಯಂ ಶುರು ಮಾಡಿದ ಮೇಲೆ ಅದು ನಿಂತಿತು. ಆ ವಿಜ್ಞಾನಿಗೂ ಇದು ಮನೆಯ ವಿಷಯವೇ ಆಗಿತ್ತು. ಈ ಮಾತ್ರೆಯಿಂದ ಆತ್ಮಹತ್ಯೆಯ ಅಪಾಯ ಕಡಿಮೆಯಾಗುತ್ತದೆ ಎನ್ನುವುದಕ್ಕೂ ಒಳ್ಳೆಯ ಆಧಾರ ಇದೆ. ಇದೊಂದೇ ಕಾರಣಕ್ಕೆ ನಾನು ಮಾತ್ರೆಯ ಪರವಾಗಿ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ನಿಮ್ಮ ಮೈದುನನ ಮಾತು. ಅವರು ಹೇಳಿದ್ದರಲ್ಲಿ ಸ್ವಲ್ಪ ನಿಜ ಇದೆ. ವರ್ಷಗಟ್ಟಲೆ ತೆಗೆದುಕೊಂಡಾಗ ಕೆಲವರಿಗೆ ಕಿಡ್ನಿ, ಥೈರಾಯ್ಡ್ ತೊಂದರೆ ಕಾಣಿಸಿಕೊಳ್ಳುತ್ತದೆ. ಅದಕ್ಕೇ ರಕ್ತಪರೀಕ್ಷೆ ತಪ್ಪಿಸಬಾರದು. ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಕಿಡ್ನಿ, ಥೈರಾಯ್ಡ್ ಎರಡನ್ನೂ ನೋಡುತ್ತಾರೆ. ಲಿಥಿಯಂ ಮಟ್ಟ ಬೇರೆ ನೋಡಬೇಕು. ಅದು ಹೆಚ್ಚಿನವರಲ್ಲಿ 0.6ರಿಂದ 1.0ರೊಳಗೆ ಇರಬೇಕು ಎನ್ನುತ್ತಾರೆ. ಕೊನೆಯ ಮಾತ್ರೆ ನುಂಗಿ 12 ಗಂಟೆಗೆ ರಕ್ತ ಕೊಡಬೇಕು. ರಾತ್ರಿ ಒಂಬತ್ತಕ್ಕೆ ನುಂಗಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ. ಬೆಳಗಿನ ಮಾತ್ರೆ ಇದ್ದರೆ ರಕ್ತ ಕೊಟ್ಟ ಮೇಲೆ. ಇದನ್ನು ಲ್ಯಾಬಿನವರು ಹೇಳದೇ ಹೋಗಬಹುದು, ನೀವೇ ನೆನಪಿಟ್ಟುಕೊಳ್ಳಿ.

ತೋಟದ ಮನೆಯವರಿಗೆ ಇನ್ನೊಂದು ಮಾತು ಹೇಳಲೇಬೇಕು. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಬೇಸಿಗೆಯಲ್ಲಿ ಬೆವರು ಸುರಿಸಿ ನೀರು ಕುಡಿಯದೇ ಇರುವುದು, ವಾಂತಿಭೇದಿ, ನೀರೂ ಮುಟ್ಟದ ಏಕಾದಶಿ ಉಪವಾಸ, ಯಾರೋ ಹೇಳಿದರೆಂದು ಊಟದಲ್ಲಿ ಉಪ್ಪು ಪೂರ್ತಿ ಬಿಡುವುದು, ಇದೆಲ್ಲ ಅವರಿಗೆ ಅಪಾಯ. ಸೊಂಟನೋವು ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೊಫೆನಾಕ್, ಐಬುಪ್ರೊಫೇನ್ ಕೂಡ ಲಿಥಿಯಂ ಏರಿಸುತ್ತವೆ. ಬಿಪಿ ಮಾತ್ರೆಗಳಲ್ಲೂ ಅಂಥವು ಇವೆ. ಯಾವ ಡಾಕ್ಟರ ಹತ್ತಿರ ಹೋದರೂ "ಲಿಥಿಯಂ ತಗೋತಿದ್ದೀನಿ" ಎನ್ನುವುದೇ ಮೊದಲ ಮಾತಾಗಲಿ. ಕೈ ಜೋರಾಗಿ ನಡುಗುವುದು, ನಡೆಯುವಾಗ ತೂರಾಡುವುದು, ಮಾತು ತೊದಲುವುದು, ವಾಂತಿಭೇದಿ, ವಿಪರೀತ ಮಂಪರು ಕಂಡರೆ ಮುಂದಿನ ಮಾತ್ರೆ ಕೊಡಬೇಡಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈಗ ನಗುವಿನ ವಿಷಯ. ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ.

ನೀವು ಮೂರು ವರ್ಷದಿಂದ ಅವರ ಮುಖ ನೋಡುತ್ತಲೇ ಇದ್ದೀರಿ. ಜೋರಾಗಿ ಮಾತಾಡಿದರೆ ಭಯ. ಸುಮ್ಮನಿದ್ದರೂ ಭಯ. ಹೊಸ ಅಂಗಿ ತಂದರೆ ಅನುಮಾನ. ಅವರಿಗೂ ಇದು ಗೊತ್ತಾಗುತ್ತದೆ. ತನ್ನ ಸಂತೋಷವನ್ನೆಲ್ಲ ಮನೆಯವರು ಕಾಯಿಲೆ ಅಂತ ನೋಡಿದರೆ ಮನುಷ್ಯನಿಗೆ ಎಷ್ಟು ಅವಮಾನ ಆಗಬೇಡ? ಮಾತ್ರೆ ಬಿಡಬೇಕು ಅನ್ನಿಸುವುದಕ್ಕೆ ಇದೂ ಒಂದು ಕಾರಣ ಇರಬಹುದು. ಮಾತ್ರೆ ನಿಂತರೆ ಕಾಯಿಲೆಯವನು ಅನ್ನುವ ಹೆಸರೂ ಹೋಗುತ್ತದೆ ಅಂತ. ಹಾಗೆಂದು ನಿಮ್ಮ ಭಯ ಸುಳ್ಳಲ್ಲ. ತವರಿನಿಂದ ಬಂದು, ಬಿದ್ದಿದ್ದ ನಲವತ್ತು ಮರ ನೋಡಿದವರು ನೀವು.

ಇದಕ್ಕೆ ಒಂದು ದಾರಿ ಇದೆ. ನಗುವನ್ನು ಅಳೆಯುವುದು ಬಿಡಿ, ನಿದ್ದೆಯನ್ನು ಅಳೆಯಿರಿ. ಎಲ್ಲರಿಗೂ ಒಂದೊಂದು ದಿನ ನಿದ್ದೆ ಕೆಡುತ್ತದೆ. ಮರುದಿನ ತಲೆ ಭಾರ, ಆಕಳಿಕೆ, ಸಿಡಿಮಿಡಿ. ಉನ್ಮಾದ ಏರುವಾಗ ಹಾಗಲ್ಲ. ಮೂರು ಗಂಟೆ ಮಲಗಿ ಎದ್ದವರು ಹತ್ತು ಗಂಟೆ ಮಲಗಿದವರ ಹಾಗೆ ಓಡಾಡುತ್ತಾರೆ. ನಿದ್ದೆ ಬೇಡವೇ ಬೇಡ ಅನ್ನಿಸುತ್ತದೆ. ಕಳೆದ ಸಲವೂ ಹೀಗೇ ಆಯಿತು ಅಲ್ವಾ? ನೀವೇ ಬರೆದಿದ್ದೀರಿ. ನಿದ್ದೆ ಕಡಿಮೆಯಾಗುವುದು ಬರೀ ಸೂಚನೆ ಅಲ್ಲ, ಉನ್ಮಾದವನ್ನು ಕೆರಳಿಸುವ ಕಾರಣವೂ ಹೌದು. ಕೊಯ್ಲಿನ ರಾತ್ರಿಗಳು ಅವರಿಗೆ ಅಷ್ಟು ದುಬಾರಿಯಾದದ್ದು ಬಹುಶಃ ಇದಕ್ಕೇ.

ನಿಮ್ಮ ಅಡುಗೆಮನೆ ಗೋಡೆಯ ಮೇಲೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತದಲ್ಲ, ಅಂಥದ್ದೇ ಇನ್ನೊಂದು ತೂಗುಹಾಕಿ. ಪ್ರತಿದಿನ ಬೆಳಿಗ್ಗೆ ಆ ತಾರೀಖಿನ ಮನೆಯಲ್ಲಿ ಅವರೇ ಬರೆಯಲಿ, ಎಷ್ಟು ಗಂಟೆ ನಿದ್ದೆ ಎಂದು. ಪಕ್ಕದಲ್ಲಿ ಮನಸ್ಸಿನ ಸ್ಥಿತಿಗೆ ಒಂದು ಗುರುತು. ಮೇಲೆ ಇದ್ದರೆ ಕೂಡಿಸುವ ಚಿಹ್ನೆ, ಕೆಳಗಿದ್ದರೆ ಕಳೆಯುವ ಚಿಹ್ನೆ, ಸಮ ಇದ್ದರೆ ಸೊನ್ನೆ. ಮಾತ್ರೆ ಆಯಿತು ಅನ್ನುವುದಕ್ಕೆ ಒಂದು ಚುಕ್ಕಿ. ಸಾಕು. ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆಯ ಫೋಟೊ ತೆಗೆದುಕೊಂಡು ಹೋಗಿ. "ಹೇಗಿದ್ದೀರಿ" ಅಂದಾಗ "ಪರವಾಗಿಲ್ಲ" ಎನ್ನುವುದಕ್ಕಿಂತ ಅದು ನೂರು ಪಾಲು ಉಪಯೋಗ.

ಆಮೇಲೆ ಇಬ್ಬರೂ ಕೂತು ಒಂದು ಒಪ್ಪಂದ ಮಾಡಿಕೊಳ್ಳಿ. ಸತತ ಎರಡು ರಾತ್ರಿ ಐದು ಗಂಟೆಗಿಂತ ಕಡಿಮೆ ನಿದ್ದೆ, ಆದರೂ ಸುಸ್ತಿಲ್ಲ ಅಂತಾದರೆ ಮೂರನೇ ದಿನ ಡಾಕ್ಟರಿಗೆ ಫೋನು. ಚರ್ಚೆ ಇಲ್ಲ, ಜಗಳ ಇಲ್ಲ. ಎಷ್ಟು ಗಂಟೆ, ಎಷ್ಟು ರಾತ್ರಿ ಎನ್ನುವುದನ್ನು ಡಾಕ್ಟರನ್ನು ಕೇಳಿ ನಿಮ್ಮ ಯಜಮಾನರೇ ತೀರ್ಮಾನ ಮಾಡಲಿ. ತಾವೇ ಇಟ್ಟ ಗೆರೆ ಅವರಿಗೆ ಕಾವಲು ಅನ್ನಿಸುವುದಿಲ್ಲ. ಆ ಗೆರೆ ದಾಟದ ತನಕ ಅವರು ಎಷ್ಟು ಜೋರಾಗಿ ನಕ್ಕರೂ ನೀವೂ ಜೊತೆಗೆ ನಗಿ.

ಈ ಸಲದ ಕೊಯ್ಲಿಗೆ ರಾತ್ರಿ ಕೆಲಸ ತಮ್ಮನದ್ದೋ ಆಳುಗಳದ್ದೋ ಆಗಲಿ. ಇವರು ಹಗಲು ನೋಡಿಕೊಳ್ಳಲಿ. ಯಕ್ಷಗಾನದ ಹುಚ್ಚು ಇದೆ ಎಂದು ಬರೆದಿದ್ದೀರಿ. ಆಟ ಬಿಡಿಸಬೇಡಿ ದಯವಿಟ್ಟು. ಈಗ ಕಾಲಮಿತಿಯ ಪ್ರದರ್ಶನಗಳು ಬೇಕಾದಷ್ಟು ನಡೆಯುತ್ತವೆ, ಮಧ್ಯರಾತ್ರಿಗೆ ಮುಂಚೆ ಮನೆಗೆ ಬರಬಹುದು. ಮದುವೆ ಮನೆಯಲ್ಲಿ ರಾತ್ರಿ ಜಾಗರಣೆ, ಜೊತೆಗೆ ಒಂದೆರಡು ಪೆಗ್, ಇವೆರಡೂ ಬೇಡ.

ಹಣದ ಒಪ್ಪಂದವೂ ಆಗಬೇಕು. ಯುಪಿಐ ದಿನದ ಮಿತಿಯನ್ನು ಇಳಿಸಿಡಬಹುದು. ದೊಡ್ಡ ಮೊತ್ತದ ಖಾತೆಯನ್ನು ಇಬ್ಬರೂ ಸಹಿ ಹಾಕಿದರೆ ಮಾತ್ರ ಹಣ ಬರುವ ಹಾಗೆ ಜಂಟಿ ಮಾಡಬಹುದು. ಜಮೀನಿನ ಪತ್ರ, ಒಡವೆ ಲಾಕರಿನಲ್ಲಿರಲಿ. ಮನಸ್ಸು ಸ್ಥಿಮಿತದಲ್ಲಿ ಇಲ್ಲದಾಗ ಮಾಡಿದ ಕರಾರು ನಿಲ್ಲುವುದಿಲ್ಲ ಎಂದು 1872ರ ಕರಾರು ಕಾಯ್ದೆಯಲ್ಲೇ ಇದೆ. ಆದರೆ ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡುವ ಹೊತ್ತಿಗೆ ಇರುವ ಹಣವೂ ಖರ್ಚಾಗಿರುತ್ತದೆ. ಬಿದ್ದ ಮರವಂತೂ ಏಳುವುದಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇಂಥ ಒಪ್ಪಂದಕ್ಕೆ ಕಾನೂನಿನ ಬಲವನ್ನೂ ಕೊಟ್ಟಿದೆ. ಮುಂದೆ ಕಾಯಿಲೆ ಜೋರಾದರೆ ತನಗೆ ಯಾವ ರೀತಿಯ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ವ್ಯಕ್ತಿ ಮೊದಲೇ ಬರೆದಿಡಬಹುದು. ಇದಕ್ಕೆ ಮುಂಗಡ ನಿರ್ದೇಶನ ಎನ್ನುತ್ತಾರೆ. ತನ್ನ ಪರವಾಗಿ ಯಾರು ನಿಲ್ಲಬೇಕು ಎಂದೂ ಹೆಸರಿಸಬಹುದು. ಅದು ನೀವೇ ಆಗಬೇಕೆಂದಿಲ್ಲ. ಯಾರನ್ನು ನಂಬುತ್ತಾರೋ ಅವರ ಹೆಸರು ಬರೆಯಲಿ. ಅಂದು ಏಟು ತಿಂದ ತಮ್ಮನ ಹೆಸರನ್ನೇ ಬರೆದರೂ ಬರೆಯಬಹುದು. ಪತ್ರ ಮಾಡಿಸುವ ಕ್ರಮವನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ.

ಖಿನ್ನತೆಯ ಬಗ್ಗೆ ನೀವು ಎರಡೇ ಸಾಲು ಬರೆದಿದ್ದೀರಿ. ಮರ ಕೆಡವಿದ್ದು ಊರಿಗೆಲ್ಲ ಕಂಡಿತು. ಗೋಡೆ ಕಡೆ ಮುಖ ಮಾಡಿ ಮಲಗಿದ್ದು ಯಾರಿಗೂ ಕಾಣಲಿಲ್ಲ. ಆದರೆ ಹೆಚ್ಚು ಎಚ್ಚರ ಬೇಕಾದದ್ದು ಆಗಲೇ. ಮತ್ತೆ ಅಂಥ ದಿನ ಬಂದರೆ "ಸಾಯಬೇಕು ಅನ್ನಿಸುತ್ತಾ" ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಆಗುವುದಿಲ್ಲ. ಬಾಯಿಬಿಟ್ಟು ಹೇಳಿಕೊಳ್ಳಲು ದಾರಿ ಸಿಗುತ್ತದೆ. ತೋಟಕ್ಕೆ ಹೊಡೆಯುವ ಕಳೆನಾಶಕ, ಕೀಟನಾಶಕ ಬೀಗದೊಳಗೆ ಇರಲಿ, ಕೀಲಿ ಬೇರೆಯವರ ಹತ್ತಿರ. ಮಾತ್ರೆ ಡಬ್ಬಿಯೂ ಆಗ ನಿಮ್ಮ ಬಳಿ. ಖಿನ್ನತೆಗೆಂದು ಬೇರೆ ಡಾಕ್ಟರು ಮಾತ್ರೆ ಕೊಟ್ಟರೆ ನಿಮ್ಮ ಮನೋವೈದ್ಯರನ್ನು ಕೇಳದೆ ಶುರು ಮಾಡಬೇಡಿ. ಬೈಪೋಲಾರ್ ಇದ್ದವರಿಗೆ ಆ ಮಾತ್ರೆ ಒಂಟಿಯಾಗಿ ಕೊಟ್ಟರೆ ಉನ್ಮಾದಕ್ಕೆ ತಿರುಗಬಹುದು.

ಆಸ್ಪತ್ರೆ ದೂರ, ಪ್ರತಿ ಸಲ ಒಂದು ದಿನದ ಕೂಲಿ ಮತ್ತು ಬಸ್ ಖರ್ಚು ಎಂದಿದ್ದೀರಿ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮ ಇದೆ. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬಂದು ನೋಡುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಸ್ವಂತ ಸಂಕಟಕ್ಕೂ ಅಲ್ಲಿಗೆ ಫೋನ್ ಮಾಡಬಹುದು. ಮಾಡಿ.

ಅತ್ತೆಯ ಜೊತೆ ವಾದ ಬೇಡ. ಮಗ ಹುಷಾರಾಗಲಿ ಅಂತ ಹರಕೆ ಹೊರುವ ತಾಯಿ ಅವರು. ದೇವಸ್ಥಾನಕ್ಕೆ ಹೋಗಿ ಬನ್ನಿ. ಮಾತ್ರೆ ನಿಲ್ಲಿಸಿ ಎನ್ನುವ ಜಾಗಕ್ಕೆ ಮಾತ್ರ ಕಾಲಿಡಬೇಡಿ. ರಾತ್ರಿ ಮಾತ್ರೆ ಕೊಡುವ ಕೆಲಸವನ್ನು ಅತ್ತೆಗೇ ಒಪ್ಪಿಸಿ ನೋಡಿ. ಅಮ್ಮ ಕೊಟ್ಟದ್ದನ್ನು ಬೇಡ ಎನ್ನುವುದು ಕಷ್ಟ.

ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ಸಮೀಕ್ಷೆಯ ಪ್ರಕಾರ, ಸುಮಾರು ಇನ್ನೂರು ಮಂದಿ ವಯಸ್ಕರಲ್ಲಿ ಒಬ್ಬರಿಗೆ ಜೀವನದಲ್ಲಿ ಯಾವಾಗಲಾದರೂ ಈ ಕಾಯಿಲೆ ಬಂದಿರುತ್ತದೆ. ಕಾಯಿಲೆ ಇದ್ದವರಲ್ಲಿ ಸುಮಾರು 70 ಭಾಗ ಜನ ಚಿಕಿತ್ಸೆಯಲ್ಲೇ ಇರಲಿಲ್ಲ. ನಿಮ್ಮ ಮನೆಯವರು ಚಿಕಿತ್ಸೆಯಲ್ಲಿದ್ದಾರೆ, ಎರಡು ವರ್ಷ ದುಡಿದಿದ್ದಾರೆ. ಅದು ಸಣ್ಣ ಸಾಧನೆ ಅಲ್ಲ. ಅವರಿಗೆ ಇದನ್ನು ಹೇಳಿ.

ಮಗಳ ವಿಷಯ. ಅಪ್ಪನಿಗೋ ಅಮ್ಮನಿಗೋ ಈ ಕಾಯಿಲೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ, ಸರಿಸುಮಾರು ನೂರಕ್ಕೆ ಐದರಿಂದ ಹತ್ತು. ಅಂದರೆ ನೂರರಲ್ಲಿ ತೊಂಬತ್ತು ಮಕ್ಕಳಿಗಾದರೂ ಬರುವುದಿಲ್ಲ. ಅವಳಿಂದ ಮುಚ್ಚಿಡಬೇಡಿ. ಮರ ಬಿದ್ದ ದಿನ ಅವಳೂ ಮನೆಯಲ್ಲಿದ್ದಳು, ಅರ್ಧಂಬರ್ಧ ಗೊತ್ತಿರುವುದೇ ಹೆಚ್ಚು ಹೆದರಿಸುತ್ತದೆ. ಪರೀಕ್ಷೆ ಅಂತ ರಾತ್ರಿಯಿಡೀ ಎದ್ದು ಓದುವುದು ಬೇಡ. ಹಾಸ್ಟೆಲಿಗೆ ಹೋದಾಗ ಗಾಂಜಾದಂಥವುಗಳಿಂದ ದೂರ ಇರಲಿ. ವಾರಗಟ್ಟಲೆ ನಿದ್ದೆ, ಮನಸ್ಸು ಏರುಪೇರಾದರೆ ಸಂಕೋಚ ಇಲ್ಲದೆ ಹೇಳಲಿ. ಇದನ್ನೆಲ್ಲ ಅವಳಿಗೆ ನೀವು ಹೇಳುವುದಕ್ಕಿಂತ ಅವಳ ಅಪ್ಪನೇ ಹೇಳಿದರೆ ಚೆಂದ. ಅವರಿಗಿಂತ ಚೆನ್ನಾಗಿ ಇದನ್ನು ಬಲ್ಲವರು ಆ ಮನೆಯಲ್ಲಿ ಯಾರೂ ಇಲ್ಲ.

ಈ ಉತ್ತರವನ್ನು ಅವರಿಗೆ ತೋರಿಸಿ, ಬಚ್ಚಿಡಬೇಡಿ. ಒಪ್ಪಿಗೆಯಾಗದ ಮಾತು ಇದ್ದರೆ ಅವರೇ ನನಗೆ ಬರೆಯಲಿ. ಮುಂದಿನ ಸಂಚಿಕೆಯಲ್ಲಿ ಅವರ ಪತ್ರಕ್ಕೆ ಜಾಗ ಇಟ್ಟಿರುತ್ತೇನೆ.

— ಸಂಪಾದಕ