ಪೆರ್ಲದ ತೋಡಿನಲ್ಲಿ ‘ಹೊಸ ಪೆರ್ಲ’

ಪ್ರಶ್ನೆ: ಮೊನ್ನೆ ತೋಡಿಗೆ ಕಟ್ಟ ಹಾಕಲು ಕಲ್ಲು ಎತ್ತುವಾಗ ಒಂದು ಕಲ್ಲಿನ ಅಡಿಯಲ್ಲಿ ಚಪ್ಪಟೆ ಕಂದು ಹುಳ ಅಂಟಿಕೊಂಡಿತ್ತು. ಹಿಂದೆ ಎರಡು ಬಾಲ. ಮೊಮ್ಮಗ ಹೆದರಿ ದಡ ಹತ್ತಿದ. ಇದು ಕಚ್ಚುತ್ತದಾ? ಅಡಿಕೆಗೆ ತೊಂದರೆ ಉಂಟಾ?
– ಓದುಗರೊಬ್ಬರು, ಪೆರ್ಲ

ಉತ್ತರ: ನಿಮ್ಮ ಊರಿನ ಹೆಸರು ನೋಡಿ ನಗು ಬಂತು. ಯಾಕೆಂದರೆ ಈ ಹುಳದ ಕುಟುಂಬಕ್ಕೆ ‘ಪೆರ್ಲಿಡೇ’ ಎನ್ನುತ್ತಾರೆ! ಯುರೋಪಿನ ಹೊಳೆಗಳಲ್ಲಿರುವ ‘ಪೆರ್ಲಾ’ ಎಂಬ ಕುಲದಿಂದ ಬಂದ ಹೆಸರು ಅದು. ನಿಮ್ಮ ಊರಿಗೂ ಅದಕ್ಕೂ ನೆಂಟಸ್ತನ ಏನಿಲ್ಲ. ನಮ್ಮ ಪಶ್ಚಿಮ ಘಟ್ಟದ ತೊರೆಗಳಲ್ಲಿ ಇರುವುದು ಅದರ ದಾಯಾದಿ ‘ನಿಯೋಪೆರ್ಲಾ’. ಅಂದರೆ ಹೊಸ ಪೆರ್ಲ. ನೀವು ಕಂಡದ್ದು ಅದರ ಮರಿ ಇರಬೇಕು. ಸ್ಟೋನ್‌ಫ್ಲೈ, ಕಲ್ಲುನೊಣ ಎನ್ನುವುದು ಇವುಗಳನ್ನೇ.

ಖಾತ್ರಿಯಾಗಬೇಕಾದರೆ ಮಗುಚಿ ನೋಡಿ. ಕಾಲಿನ ಬುಡದಲ್ಲಿ ಬಿಳಿ ನೂಲಿನ ಗೊಂಚಲಿನಂಥ ಕಿವಿರು ಇದ್ದರೆ ಇದೇ. ಕಿವಿರು ಹೊಟ್ಟೆಯ ಎರಡೂ ಬದಿಗೆ ಸಾಲಾಗಿದ್ದು, ಬಾಲ ಮೂರಿದ್ದರೆ ಅದು ಮೇಫ್ಲೈ ಎಂಬ ಬೇರೊಂದು ಕೀಟದ ಮರಿ. ಪಾಪ, ಅದು ಇವನ ಊಟ!

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಇಂಥದ್ದೊಂದನ್ನು ಹಿಡಿದು ಬಾಟಲಿಯಲ್ಲಿ ಇಟ್ಟಿದ್ದೆ. ಜೊತೆಗೆ ಐದಾರು ಮೇಫ್ಲೈ ಮರಿ. ಬೆಳಿಗ್ಗೆ ನೋಡಿದರೆ ಎರಡೇ ಉಳಿದಿದ್ದವು. ಮಧ್ಯಾಹ್ನದ ಹೊತ್ತಿಗೆ ಇವನು ಕಾಲೂರಿ ಮೈ ಮೇಲೆ ಕೆಳಗೆ ಮಾಡಲು ಶುರು ಮಾಡಿದ, ಥೇಟ್ ಬಸ್ಕಿ ಹೊಡೆದ ಹಾಗೆ. ಆಟ ಅಂದುಕೊಂಡೆ. ಸಂಜೆಗೆ ಸತ್ತೇಹೋಯಿತು. ನಿಂತ ನೀರಿನಲ್ಲಿ ಆಮ್ಲಜನಕ ಕಡಿಮೆಯಾದಾಗ ಕಿವಿರಿನ ಸುತ್ತ ನೀರು ಆಡಿಸಲು ಇವು ಹೀಗೆ ಮಾಡುತ್ತವೆ ಎಂದು ಗೊತ್ತಾದದ್ದು ಎಷ್ಟೋ ವರ್ಷದ ನಂತರ.

ಅದಕ್ಕೇ ಇವು ಕಲ್ಲಿನ ನಡುವೆ ಹರಿಯುವ, ಗಲೀಜಾಗದ ನೀರಿನಲ್ಲೇ ಜಾಸ್ತಿ. ನೀರು ಚೊಕ್ಕವಾಗಿದೆಯೇ ಎಂದು ಪರೀಕ್ಷೆ ಮಾಡುವವರು ಕಲ್ಲಿನಡಿ ಮೊದಲು ಹುಡುಕುವ ಹುಳಗಳಲ್ಲಿ ಇದೂ ಒಂದು. ಮರಿ ಬೆಳೆದ ಮೇಲೆ ನೀರಿನಿಂದ ಮೇಲೆ ಹತ್ತಿ, ಬೆನ್ನು ಬಿರಿದು, ರೆಕ್ಕೆಯೊಂದಿಗೆ ಹೊರಗೆ ಬರುತ್ತದೆ. ಆಮೇಲೆ ಬೇಟೆ ಇಲ್ಲ, ಊಟವೂ ಇಲ್ಲದ ಹಾಗೆಯೇ. ಕೆಲವು ದಿನದ ಆಯಸ್ಸು.

ಮೊಮ್ಮಗನಿಗೂ ಅಡಿಕೆಗೂ ಇದರಿಂದ ಏನೂ ಆಗುವುದಿಲ್ಲ. ತೊಂದರೆ ಇರುವುದು ನಮ್ಮಿಂದ ಅದಕ್ಕೆ. ಕೊಳೆರೋಗಕ್ಕೆ ಮೈಲುತುತ್ತು ಬಿಟ್ಟ ಮೇಲೆ ಡ್ರಮ್ಮು, ಪಂಪು ತೋಡಿನಲ್ಲಿ ತೊಳೆಯುತ್ತೇವಲ್ಲ, ಮೈಲುತುತ್ತಿನಲ್ಲಿರುವ ತಾಮ್ರ ನೀರಿನ ಜೀವಿಗಳಿಗೆ ವಿಷ. ತೋಟದ ಒಳಗೇ ತೊಳೆಯಿರಿ. ಇನ್ನು ಕಟ್ಟಕ್ಕೆ ಎತ್ತಿದ ಕಲ್ಲಿನಲ್ಲಿ ಹುಳ ಕಂಡರೆ ಕಟ್ಟದ ಕೆಳಗೆ, ನೀರು ಓಡುವಲ್ಲಿ ಬಿಟ್ಟುಬಿಡಿ. ಬಿಡುವ ಕೆಲಸ ಮೊಮ್ಮಗನಿಗೇ ಕೊಡಿ.