ಊಟ ಆಯ್ತಾ ಅಂತ ಕೇಳಿದರೆ ಸಾಕಾ?

ವಿವರಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಆದರೂ ಈ ಮನೆ ನಿಮಗೆ ಗೊತ್ತಿರುವ ಮನೆ ಅನ್ನಿಸಬಹುದು. ಮನಸ್ಸಿನ ಕಷ್ಟಕ್ಕೆ ಸಲಹೆ ಕೇಳಿಕೊಂಡು ಇಂಥವರು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮಲೆನಾಡಿನ ಅಡಿಕೆ ಬೆಳೆಗಾರರ ಮನೆ. ಮಗನಿಗೆ 26 ವರ್ಷ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದ. ನಾಲ್ಕು ತಿಂಗಳಿಂದ ಕೋಣೆ ಬಿಟ್ಟು ಹೊರಗೆ ಬರುವುದೇ ಕಡಿಮೆ.

ಅಪ್ಪನೇ ಎಲ್ಲ ಹೇಳಿದರು. "ಇವನಿಗೆ ನಾವು ಏನು ಕಮ್ಮಿ ಮಾಡಿದ್ದೀವಿ ಮೇಡಂ? ದಿನಾ ಹತ್ತು ಸಲ ವಿಚಾರಿಸ್ತೀವಿ." ಹುಡುಗ ತಲೆ ತಗ್ಗಿಸಿ, ಅಂಗಿಯ ಕೊನೆಯ ಗುಂಡಿಯನ್ನು ಹಾಕುತ್ತಾ ತೆಗೆಯುತ್ತಾ ಕೂತಿದ್ದ. ಆಮೇಲೆ ಮೆಲ್ಲಗೆ ಅಂದ: "ಊಟ ಆಯ್ತಾ ಅಂತ ಕೇಳ್ತಾರೆ. ನಿದ್ದೆ ಬಂತಾ ಅಂತ ಒಂದಿನಾನೂ ಕೇಳಿಲ್ಲ."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಅಪ್ಪನಿಗೆ ಮಾತು ಹೊರಡಲಿಲ್ಲ.

ಅವರಿಬ್ಬರನ್ನು ಹೊರಗೆ ಕೂರಿಸಿ ಹುಡುಗನನ್ನು ನೇರವಾಗಿ ಕೇಳಿದೆ: "ಸಾಯಬೇಕು ಅನ್ನಿಸಿದೆಯಾ?" ಹೌದು ಅಂದ. ಎಷ್ಟು ಸಲ, ಯಾವಾಗ ಅಂತೆಲ್ಲ ಹೇಳಿದ. ಇದನ್ನು ಮನೆಯವರಿಗೂ ಹೇಳಲೇಬೇಕಲ್ವಾ, ಹೇಗೆ ಹೇಳೋಣ ಅಂದೆ. ತುಂಬಾ ಹೊತ್ತು ಯೋಚಿಸಿ, "ಅಪ್ಪ ಕೇಳಿದ್ರೆ ನಾನೇ ಹೇಳ್ತೀನಿ" ಅಂದ.

ಅಪ್ಪನನ್ನು ಒಳಗೆ ಕರೆದು, ಇಲ್ಲೇ, ಈಗಲೇ ಕೇಳಿ ಅಂದೆ. ಅವರು ಗಾಬರಿಯಾದರು. "ಕೇಳಿದ್ರೆ ಇಲ್ಲದ ಯೋಚನೆ ನಾವೇ ತಲೆಗೆ ಹಾಕಿದ ಹಾಗಾಗಲ್ವಾ?"

ಈ ಭಯ ಎಲ್ಲರಿಗೂ ಇದೆ. ಇಂಥ ಸಲಹೆ ಕೊಟ್ಟಿದ್ದಕ್ಕೆ ಹಿರಿಯರು ನನ್ನನ್ನು ಬೈದದ್ದೂ ಇದೆ. ಆದರೂ ನಾನು ಇದನ್ನೇ ಹೇಳುತ್ತೇನೆ. ಕೇಳಿದ ಮಾತ್ರಕ್ಕೆ ಆತ್ಮಹತ್ಯೆಯ ಯೋಚನೆ ಹುಟ್ಟುವುದಿಲ್ಲ, ಅಧ್ಯಯನಗಳೂ ಅದನ್ನೇ ಹೇಳಿವೆ. ಒಳಗೆ ಅದನ್ನು ಒಬ್ಬನೇ ಹೊತ್ತುಕೊಂಡವನಿಗೆ ಆ ಪ್ರಶ್ನೆಯಿಂದ ಭಾರ ಇಳಿಯುತ್ತದೆ. ಮನೆಯವರು ಸುಮ್ನಿದ್ದರೆ ಅವನಿಗೆ ಅನ್ನಿಸುವುದು ಒಂದೇ: ಇದು ಹೇಳಬಾರದ ಮಾತು.

ಅಪ್ಪ ಕೇಳಿದರು. ಧ್ವನಿ ನಡುಗುತ್ತಿತ್ತು. ಮಗ ಹೇಳಿದ. "ಹಾಗೆಲ್ಲ ಮಾತಾಡಬೇಡ" ಅಂತ ಗದರುತ್ತಾರೇನೋ ಅಂತ ನನಗೆ ಅಳುಕಿತ್ತು. ಗದರಲಿಲ್ಲ. ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಕೂತರು, ಅಷ್ಟೇ.

ಆ ದಿನವೇ ಮಾಡಿ ಅಂತ ಎರಡು ಕೆಲಸ ಹೇಳಿದೆ. ತೋಟಕ್ಕೆ ಹೊಡೆಯುವ ಔಷಧಿಯ ಡಬ್ಬಿಗಳು ಇವತ್ತೇ ಮನೆಯಿಂದ ಆಚೆ ಹೋಗಬೇಕು. ಅದು ಅವನ ಮೇಲಿನ ಅನುಮಾನಕ್ಕಲ್ಲ. ಕೆಟ್ಟ ಗಳಿಗೆ ಬಂದು ಹೋಗುತ್ತದೆ, ಆ ಗಳಿಗೆಯಲ್ಲಿ ಕೈಗೆ ಏನೂ ಸಿಗಬಾರದು. ಇನ್ನೊಂದು, ಮನೋವೈದ್ಯರನ್ನು ತಡಮಾಡದೆ ನೋಡುವುದು. ರಾತ್ರಿ ದಿಕ್ಕು ತೋಚದಿದ್ದರೆ ಅಂತ ಟೆಲಿ-ಮಾನಸ್ ನಂಬರ್ 14416 ಅನ್ನು ಮೂವರ ಫೋನಿನಲ್ಲೂ ಹಾಕಿಸಿದೆ. 2022ರಲ್ಲಿ ಶುರುವಾದ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಅದು. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮುಂದೆ ಮಾತಾಡುವುದು ಹೇಗೆ ಅಂತ ಅಪ್ಪ ಕೇಳಿದರು. ಎದುರುಬದುರು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ ಅಂದೆ. ಅಟ್ಟದಲ್ಲಿ ಅಡಿಕೆ ಆರಿಸುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೈಗೆ ಕೆಲಸ ಇದ್ದರೆ, ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲದಿದ್ದರೆ ಮಾತು ಸಲೀಸು. ಅವನು ಹೇಳುವಾಗ ಮಧ್ಯೆ "ನಮ್ಮ ಕಾಲದಲ್ಲಿ" ಅಂತ ಶುರು ಮಾಡಬೇಡಿ. ಧೈರ್ಯ ತಗೋ ಅನ್ನುವುದೂ ಬೇಡ. ಇದ್ದ ಧೈರ್ಯವನ್ನೆಲ್ಲ ಸೇರಿಸಿಯೇ ಅವನು ಬಾಯಿ ಬಿಟ್ಟಿರುತ್ತಾನೆ.

ಹತ್ತನೇ ದಿನ ಅಪ್ಪನ ಫೋನ್. ಮಾತ್ರೆ ಶುರುವಾದರೂ ಏನೂ ಬದಲಾವಣೆ ಕಾಣುತ್ತಿಲ್ಲ ಅಂತ ಬೇಸರ. ಖಿನ್ನತೆಯ ಮಾತ್ರೆ ಹಿಡಿಯಲು ಎರಡು-ಮೂರು ವಾರವಾದರೂ ಬೇಕು, ನೀವಾಗಿ ನಿಲ್ಲಿಸಬೇಡಿ, ಕಷ್ಟ ಜಾಸ್ತಿಯಾದರೆ ತಕ್ಷಣ ಡಾಕ್ಟರಿಗೆ ಹೇಳಿ ಅಂದೆ. ಡಬ್ಬಿಗಳು ಎಲ್ಲಿವೆ ಅಂತ ಕೇಳಿದೆ. ತಮ್ಮನ ಮನೆಯಲ್ಲಿ, ಬೀಗ ಹಾಕಿ ಇಟ್ಟಿದ್ದಾರಂತೆ.

"ನಿನ್ನೆ ಗೊರಬಲು ಅಡಿಕೆ ಆರಿಸ್ತಾ ಇದ್ವಿ ಮೇಡಂ" ಅಂದರು. "ನಿಮಗೆ ನಿದ್ದೆ ಬರುತ್ತಾ ಅಪ್ಪ, ಅಂತ ಅವನೇ ಕೇಳಿದ."

ನೀವೇನು ಹೇಳಿದಿರಿ ಅಂದೆ.

"ಬರಲ್ಲ ಅಂತ ಹೇಳಿದೆ."