ಕೆಲವು ಆ್ಯಪ್‌ಗಳಿಗೆ ಡೇಟಾ ಫ್ರೀ ಕೊಟ್ಟರೆ ನಮಗೆ ಲಾಭವೇ ಅಲ್ವಾ? ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಟ್ರಾಯ್ ಯಾಕೆ ಬೇಡ ಅಂದಿತು?

ಶುರುವಿನಲ್ಲಿ ಲಾಭ ಅನ್ನಿಸುತ್ತದೆ. ಆದರೆ ಯಾವ ಆ್ಯಪ್ ಗೆಲ್ಲಬೇಕು ಅನ್ನುವುದನ್ನು ನಿಮ್ಮ ಬದಲು ಮೊಬೈಲ್ ಕಂಪನಿಯೇ ತೀರ್ಮಾನಿಸಿಬಿಡುತ್ತದೆ. ಅದಕ್ಕೇ ಬೇಡ ಅಂದದ್ದು.

ಗಾಂಧಿ ಬಜಾರ್ ಹತ್ತಿರ ಒಬ್ಬರು ಮನೆಯಲ್ಲೇ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಸ್ವಂತ ವೆಬ್‌ಸೈಟಿನಲ್ಲಿ ಮಾರುತ್ತಾರೆ ಅಂದುಕೊಳ್ಳಿ. ದೊಡ್ಡ ಶಾಪಿಂಗ್ ಆ್ಯಪ್ ತೆರೆದರೆ ಡೇಟಾ ಖರ್ಚಾಗುವುದಿಲ್ಲ, ಇವರ ಸೈಟ್ ತೆರೆದರೆ ಆಗುತ್ತದೆ. ದಿನದ ಡೇಟಾ ಮುಗಿಯುತ್ತಾ ಬಂದಾಗ ನೀವು ಯಾವುದನ್ನು ಒತ್ತುತ್ತೀರಿ? ಚಟ್ನಿಪುಡಿಯ ರುಚಿ ನೋಡುವ ಮೊದಲೇ ಅವರು ಸೋತರು. ಬೆಸ್ಕಾಂನವರು ಕರೆಂಟ್ ಕೊಡುವಾಗ ನಿಮ್ಮ ಮಿಕ್ಸಿ ಯಾವ ಕಂಪನಿಯದು ಅಂತ ಕೇಳುವುದಿಲ್ಲ. ಇಂಟರ್ನೆಟ್ಟೂ ಹಾಗೇ ಇರಬೇಕು ಅನ್ನುವುದೇ ನೆಟ್ ನ್ಯೂಟ್ರಾಲಿಟಿ.

ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಬಂದಾಗ ಇದೇ ಜಗಳ ಜೋರಾಯಿತು. ಅದರಲ್ಲಿ ಆಯ್ದ ಸೈಟ್‌ಗಳು ಮಾತ್ರ ಫ್ರೀ. ಟ್ರಾಯ್ 2016ರ ಫೆಬ್ರವರಿ 8ರಂದು, ಸೈಟ್ ನೋಡಿಕೊಂಡು ಬೇರೆ ಬೇರೆ ದರ ಹಾಕುವುದನ್ನು ನಿಷೇಧಿಸಿತು. ನನ್ನ ಪ್ರಕಾರ ತುಂಬಾ ಒಳ್ಳೇ ಕೆಲಸ. ಬೇಕಂತಲೇ ಕೆಲವು ಸೈಟ್‌ಗಳನ್ನು ಸ್ಲೋ ಮಾಡುವುದಕ್ಕೂ 2018ರಲ್ಲಿ ತಡೆ ಬಿತ್ತು. ಎಲ್ಲ ಸೈಟಿಗೂ ಬಳಸುವಂಥ ಡೇಟಾವನ್ನು ಸುಮ್ನೆ ಫ್ರೀ ಕೊಟ್ಟರೆ ಅದಕ್ಕೆ ಅಡ್ಡಿಯಿಲ್ಲ.